ರೊಟ್ಟಿಯ ಕೋಣೆ ಮತ್ತು ನನ್ನ ನೋಟುಪುಸ್ತಕ

ಈ ನಿರೂಪಣೆಯಲ್ಲಿ ಕೊರತೆಗಳಿದ್ದರೆ, ಇದ್ದೇ ಇರುತ್ತವೆ, ದಯವಿಟ್ಟು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ನನ್ನ ವಾಕ್ಯ ಸರಿಯಿದೆಯೇ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಹರಪನಹಳ್ಳಿಯಲ್ಲಿ ಕಾಲೇಜಿಗೆ ಸೇರಿದ ಮೊದಲ ವಾರ, ತರಗತಿಯಲ್ಲಿ ಎದ್ದು ನಿಂತು "ಗೊತ್ತೈತ್ರಿ ಸರ್" ಎಂದೆ. ಹೊರ ಜಿಲ್ಲೆಯಿಂದ ಬಂದಿದ್ದ ಉಪನ್ಯಾಸಕರು ನಗದೆ ತಿದ್ದಿದರು. ನಕ್ಕಿದ್ದರೆ ವಾಸಿಯಿತ್ತು. ಅಂದಿನಿಂದ ನಮ್ಮೂರು ಕೊಟ್ಟೂರಿನ ಬಸ್ಸು ಬರುವವರೆಗೆ ಗ್ರಂಥಾಲಯದಲ್ಲಿ ಕುಳಿತು, ಓದಿದ ಪುಸ್ತಕಗಳ ಒಳ್ಳೆಯ ಸಾಲುಗಳನ್ನು ನೋಟುಪುಸ್ತಕಕ್ಕೆ ಇಳಿಸತೊಡಗಿದೆ. ತಾಳ್ಮೆ, ತ್ಯಾಗ, ಸಾವು ಎಂದು ಶೀರ್ಷಿಕೆಗಳನ್ನು ಹಾಕಿದ್ದೆ. ಸಂದರ್ಭ ಬಂದಾಗ ತಪ್ಪಿಲ್ಲದ ಮಾತು ಕೈಗೆ ಸಿಗಲಿ ಎಂಬುದೇ ಉದ್ದೇಶ.

ತಂದೆ ತೀರಿಕೊಂಡ ಮೂರನೆಯ ದಿನ ಸಾವಿನ ಪುಟ ತೆರೆದೆ. ಓದಿದೆ. ಏನೂ ಅನ್ನಿಸಲಿಲ್ಲ. ಒಂದು ಕಡೆ ಬಿಟ್ಟುಹೋಗಿದ್ದ ಅಲ್ಪವಿರಾಮವನ್ನು ಸೇರಿಸಿ ಮುಚ್ಚಿಟ್ಟೆ.

ಆಮೇಲೆ ಮನೆ ಪಾಲಿನ ಮಾತು ಬಂತು. ಕೊಟ್ಟೂರಿನ ಮನೆಯ ಬೀದಿ ಬದಿಯ ಕೋಣೆಯಲ್ಲಿ ತಾಯಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ದೊಡ್ಡಪ್ಪನಿಗೆ ಅದೇ ಕೋಣೆ ಮಗನ ಮೊಬೈಲ್ ಅಂಗಡಿಗೆ ಬೇಕಿತ್ತು. ಹಿರಿಯರು ಕೂಡುವ ದಿನ ತಾಯಿ ಹಿಟ್ಟಿನ ಕೈಯಲ್ಲೇ ನನ್ನನ್ನು ನಿಲ್ಲಿಸಿಕೊಂಡರು.

"ನೋಡವ್ವಾ, ಸುತ್ತಿ ಬಳಸಿ ಮಾತಾಡಬ್ಯಾಡ. ಮುಂದಿನ ಕೋಣಿ ನಮಗ ಬೇಕ್ರಿ ಅನ್ನು. ಅಷ್ಟ ಸಾಕು."

"ನೀನ ಅನ್ನಬೇ."

"ನಾ ಬಾಯಿ ತಗದ್ರ ಜಗಳ ಆಕ್ಕೈತಿ. ಓದಿದಾಕಿ ಮಾತಿಗೆ ತೂಕ ಐತಿ."

ಬೇರೆ ಓಣಿಯಲ್ಲಿದ್ದ ದೊಡ್ಡಪ್ಪನ ಮನೆಯ ಅಂಗಳದಲ್ಲಿ ಐವರು ಹಿರಿಯರು ಚಾಪೆಯ ಮೇಲೆ ಕುಳಿತಿದ್ದರು. ತಾಯಿ ಬಾಗಿಲ ಬಳಿ ನಿಂತರು. ನಾನು ನಿಂತ ಕೂಡಲೇ ಒಬ್ಬರು, "ಡಿಗ್ರಿ ಮಾಡ್ಯಾಳಪ್ಪಾ! ನಮ್ಮಂಥ ಹೆಬ್ಬೆಟ್ಟಿನವ್ರಿಗೂ ತಿಳಿಯಂಗ ಹೇಳವ್ವಾ" ಎಂದರು. ಎಲ್ಲರೂ ನಕ್ಕರು. ತಾಯಿ ಹೇಳಿಕೊಟ್ಟ ಮಾತು ನನಗೆ ಬಹಳ ಬರಿದಾಗಿ ಕಂಡಿತು. ಅದರ ಮುಂದೆ ಪೀಠಿಕೆಯಾಗಿ ತ್ಯಾಗದ ಪುಟದ ಸಾಲುಗಳನ್ನು ಹೇಳಿದೆ. ಒಬ್ಬರಿಗಾಗಿ ಇನ್ನೊಬ್ಬರು ಬಿಟ್ಟುಕೊಡುವುದರಿಂದಲೇ ಮನೆ ನಿಲ್ಲುತ್ತದೆ ಎಂಬ ಅರ್ಥದವು. ಕೋಣೆಯ ಮಾತಿಗೆ ಬರುವ ಮೊದಲು ಉಸಿರೆಳೆದುಕೊಂಡೆ.

"ಆಹಾ! ಕೇಳ್ರಿ, ಓದಿದವ್ರು ಅಂದ್ರ ಹಿಂಗಿರಬೇಕು. ಹುಡುಗಿ ಬಿಟ್ಟುಕೊಟ್ಟಳು. ಮುಗೀತು" ಎಂದು ಅದೇ ಹಿರಿಯರು ಎಲೆ ಅಡಿಕೆ ಚಾಚಿದರು.

ನಮ್ಮಲ್ಲಿ ಹಿರಿಯರ ಮುಂದೆ ಎಲೆ ಅಡಿಕೆ ಹಿಡಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವುದಿಲ್ಲ. ಅದು ನನಗೆ ತಿಳಿದಿತ್ತು. ಆದರೆ ಹಿರಿಯರು ಕೊಟ್ಟದ್ದನ್ನು ಹಿಡಿಯದಿರುವುದು ಅವಿನಯವೆಂದೂ ತಿಳಿದಿತ್ತು. ಎರಡೂ ಕೈ ಚಾಚಿ ತೆಗೆದುಕೊಂಡೆ. ದೊಡ್ಡಪ್ಪ ಕಣ್ಣೊರೆಸಿಕೊಂಡರು, ಅದು ನಾಟಕವಲ್ಲವೆಂದೇ ನನ್ನ ನಂಬಿಕೆ.

ಹೊರಗೆ ಬಂದ ಮೇಲೆ ತಾಯಿ ಕೇಳಿದರು: "ಅಷ್ಟು ಛಂದ ಮಾತಾಡಿದಿ. ಕೋಣಿದು ಯಾಕ ಅನ್ನಲಿಲ್ಲ?"

"ಅನ್ನಾಕಿ ಇದ್ದೆ."

"ಯಾವಾಗ?"

ಅಳು ಬರಲಿಲ್ಲ. ಮನೆಗೆ ಬಂದು ಆ ಪುಟ ತೆಗೆದು ನೋಡಿದೆ. ಒಂದಕ್ಷರವೂ ತಪ್ಪದೆ ಹೇಳಿದ್ದೆ.

ನಮ್ಮ ಪಾಲಿಗೆ ಹಿಂದಿನ ಕೋಣೆ ಬಂತು. ಅಲ್ಲಿ ಹೊಗೆ ಹೋಗಲು ದಾರಿಯಿರಲಿಲ್ಲವಾದ್ದರಿಂದ ರೊಟ್ಟಿಯ ವ್ಯಾಪಾರ ನಿಂತಿತು. ತಾಯಿ ಈಗ ಹಗರಿಬೊಮ್ಮನಹಳ್ಳಿಯ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆಯ ಕೆಲಸ ಮಾಡುತ್ತಾರೆ. ನಾವಿಬ್ಬರೂ ಅಲ್ಲಿಯೇ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಕೂಡ್ಲಿಗಿಯ ಕಚೇರಿಯೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ದೊಡ್ಡಪ್ಪನ ಮನೆಯ ಕಾರ್ಯಗಳಿಗೆ ನಾನು ಹೋಗುತ್ತೇನೆ, ತಾಯಿ ಹೋಗುವುದಿಲ್ಲ.