ಮಗನ ಜೊತೆ ಉಣ್ಣಲು

೧೯೮೯ರಲ್ಲಿ ಎಂಟನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಆಮೇಲೆ ನನಗೆ ಏನಾದರೂ ಕಲಿಸಿದವರಿದ್ದರೆ ಅದು ದುಬೈಯ ನಮ್ಮ ಟೈಲ್ಸ್ ಮೇಸ್ತ್ರಿ. ಕುಕ್ಕರುಗಾಲಲ್ಲಿ ಕೂತರೆ ಅವರ ಮಂಡಿ ಕಿವಿಯ ಮಟ್ಟಕ್ಕೆ ಬರುತ್ತಿತ್ತು, ಮಿಡತೆಯ ಹಾಗೆ. ಹಾಗೆಯೇ ಹಿಂದೆ ಸರಿಯುತ್ತಾ ಮಧ್ಯಾಹ್ನದೊಳಗೆ ಒಂದು ಹಾಲ್ ಮುಗಿಸುವರು. ನಾನು ಕುಂದಾಪುರದ ಕಡೆಯವನು, ಅವರು ಬಾಗಲಕೋಟೆ ಕಡೆಯವರು. ಸೊಂಟ ನೋವೆಂದು ನಾನು ಎದ್ದರೆ, "ಲೇ ತಮ್ಮಾ, ಕೂಡ್ರಾಕ ಬರದವಗ ಈ ಕೆಲಸ ಬರೂದಿಲ್ಲ. ಕೂಡ್ರು!" ಎನ್ನುವರು.

ಕೆಲಸಗಾರರ ಕ್ಯಾಂಪಿನಲ್ಲಿ ರಜೆಯ ದಿನ ಶುಕ್ರವಾರ ಅವರೇ ರೊಟ್ಟಿ ಬಡಿಯುತ್ತಿದ್ದರು. ಮೊದಲ ರಜೆಗೆ ಊರಿಗೆ ಹೋದಾಗ ಜನ ಅವರ ಗುಳಿಬಿದ್ದ ಕೆನ್ನೆ ನೋಡಿ, "ದುಬೈದಾಗ ಉಪವಾಸ ಇದ್ದಿಯೇನಪಾ?" ಎಂದು ನಕ್ಕರಂತೆ. ಸೂಪರ್‌ವೈಸರ್ ಆಗಿ, ಕಾರು ಸಿಕ್ಕು, ಹೊಟ್ಟೆ ಬಂದ ಮೇಲೆ ಅದೇ ಜನ, "ಈಗ ನೋಡು, ಸಾಹೇಬ ಆದಿ" ಎಂದರಂತೆ. ಅದನ್ನು ಹೊಟ್ಟೆ ಸವರಿಕೊಂಡೇ ಹೇಳುವರು.

ಆಮೇಲೆ ಹೆಂಡತಿ, ಮಗನನ್ನು ಕರೆಸಿಕೊಂಡು ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ಮನೆ ಮಾಡಿದರು. ಒಂದು ಶುಕ್ರವಾರ ಊಟಕ್ಕೆ ಹೋಗಿದ್ದೆ. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿಟ್ಟಿದ್ದರು. ಹತ್ತು ವರ್ಷದ ಮಗ, ಆಗಲೇ ನನ್ನ ಅಳತೆಯ ಅಂಗಿ ಹಾಕುವವನು, ತಟ್ಟೆ ನೂಕಿದ. "ನೋ ಅಪ್ಪಾ. ಸ್ಕೂಲಲ್ಲಿ ಇದನ್ನ ಕಾರ್ಡ್‌ಬೋರ್ಡ್ ಅಂತಾರೆ." ಮೇಸ್ತ್ರಿ ಫೋನ್ ಎತ್ತಿದರು. ಕರಿದ ಕೋಳಿಯ ದೊಡ್ಡ ಡಬ್ಬ, ಎರಡು ಲೀಟರ್ ಕೋಲಾ ಬಂತು.

"ಡಾಕ್ಟರು ನಿಮಗೆ ಶುಗರ್ ಅಂದಿದ್ದಾರಲ್ಲ ಮೇಸ್ತ್ರಿ?" ಎಂದೆ.

"ಸುಮ್ನಿರೋ. ವಾರಕ್ಕ ಒಂದ್ಸಲ ನನ್ನ ಜೋಡಿ ಕುಂತು ಉಣ್ತಾನ. ರೊಟ್ಟಿ ಇಟ್ರ ಎದ್ದು ಟಿವಿ ಮುಂದ ಹೊಕ್ಕಾನ."

"ಇಬ್ರೂ ಹಿಂಗ, ರೊಟ್ಟಿ ನಾ ಒಬ್ಬಾಕೀನ ತಿನ್ನೂದು," ಎಂದರು ಅಕ್ಕ.

ನಾನೂ ಡಬ್ಬಕ್ಕೆ ಕೈ ಹಾಕಿದೆ. ರುಚಿಯಾಗಿತ್ತು.

ಎರಡು ವರ್ಷ ಕಳೆದು, ಮೇಸ್ತ್ರಿ ಹೊಸಬರಿಗೆ ಕೆಲಸ ತೋರಿಸಲು ಸೈಟಿನಲ್ಲಿ ಕುಕ್ಕರಿಸಲು ಹೋದರು. ಅರ್ಧಕ್ಕೇ ಗೋಡೆ ಹಿಡಿದು ನಿಂತರು. ಹುಡುಗರು ನಕ್ಕರು. ನಾನೂ ನಕ್ಕೆ. ಈಗ ಹೇಳಿಕೊಳ್ಳಲು ನಾಚಿಕೆ. ಅದೇ ದಿನ ಒಡೆದ ಟೈಲಿನ ಚೂರು ಚಪ್ಪಲಿ ದಾಟಿ ಪಾದಕ್ಕೆ ಹೊಕ್ಕಿತ್ತು. ಶುಗರಿನಿಂದ ಮರಗಟ್ಟಿದ ಕಾಲು, ಗೊತ್ತೇ ಆಗಲಿಲ್ಲ. ಸಂಜೆ ಅಕ್ಕ ರಕ್ತ ನೋಡಿ ಕೂಗಿದರಂತೆ. ಗಾಯ ಕೊಳೆತು, ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಮಂಡಿಯವರೆಗೆ ಕಾಲು. ಕಂಪನಿ ವೀಸಾ ಕ್ಯಾನ್ಸಲ್ ಮಾಡಿತು, ಖಲಾಸ್. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿ ತಳ್ಳಿದವನು ನಾನು. "ಭಾರ ಅದೀನೇನೋ?" ಎಂದರು. ಇಲ್ಲ ಎಂದೆ.

ಊರಲ್ಲಿ ವರ್ಷ ತುಂಬುವ ಮೊದಲೇ ತೀರಿಹೋದರು. ಫೋನ್ ಮಾಡಿದ್ದು ಮಗ. ಕಡೆಗೆ ಅಪ್ಪ ಏನು ಕೇಳಿದರು ಎಂದೆ. "ನಂಗೆ ಊಟ ಆಯ್ತಾ ಅಂತ, ಅಂಕಲ್," ಎಂದ.

ಎಂಟನೇ ಕ್ಲಾಸಿನವನು ನಾನು, ಅವರು ಕಲಿಸಿದ ಕೆಲಸದಿಂದಲೇ ನಿಂತವನು. ಈಗ ನನ್ನ ಕೈ ಕೆಳಗೆ ಹದಿನಾಲ್ಕು ಜನ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಬಾಡಿಗೆ ಮನೆ ಒಂದು, ಕಾರು ಒಂದು, ಮಕ್ಕಳು ಇಬ್ಬರು. ಸೊಂಟ ನಲವತ್ತೆರಡು ಇಂಚು. ಬೆಳಿಗ್ಗೆ ಮಾತ್ರೆ ಎರಡು, ಸಂಜೆ ಒಂದು.