ಒಂಟೆಯಣ್ಣ ಬಿದ್ದ ಜಾಗ

ನಮ್ಮ ಡಿಪೋದ ಶೌಚಾಲಯದ ಬಗ್ಗೆ ಬರೆಯಲು ನನಗೇ ಹೇಸಿಗೆ. ಆದರೆ ಅದನ್ನು ಬಿಟ್ಟು ಒಂಟೆಯಣ್ಣನ ಕಥೆ ಹೇಳಲು ಬರುವುದಿಲ್ಲ. ನಲ್ಲಿ ಇದೆ, ನೀರಿಲ್ಲ. ಬಾಗಿಲಿದೆ, ಚಿಲಕವಿಲ್ಲ. ಕಾಲಿಡಲು ಒಣ ಜಾಗ ಹುಡುಕಬೇಕು. ಮ್ಯಾನೇಜರ್ ಸಾಹೇಬರಿಗೆ ಮಹಡಿಯಲ್ಲಿ ಬೇರೆಯದಿದೆ, ಬೀಗದ ಕೈ ಅವರ ಜೇಬಿನಲ್ಲೇ ಇರುತ್ತದೆ.

ಅಣ್ಣ ಇಪ್ಪತ್ತೆರಡು ವರ್ಷದಿಂದ ಬಸ್ಸು ಓಡಿಸುವವನು, ನಾನು ಅವನ ಬಸ್ಸಿನ ಕಂಡಕ್ಟರ್. ಆ ನರಕಕ್ಕೆ ಹೋಗಬಾರದೆಂದು ಅವನು ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಒಂಟೆ ಎಂದು ಹೆಸರಿಟ್ಟವರು ನಾವೇ. ಅದನ್ನು ಬಿರುದು ಅಂದುಕೊಂಡು ಮೀಸೆ ತಿರುವುತ್ತಿದ್ದ. ಮಲಬದ್ಧತೆಯಿಂದ ಹೊಟ್ಟೆ ಕಲ್ಲಾಗಿತ್ತು. ಅದನ್ನೂ ಜೋಕು ಮಾಡಿ ಹೇಳುತ್ತಿದ್ದ, ನಾವು ನಾಚಿಕೆಗೆಟ್ಟವರು ಹಲ್ಲು ಕಿರಿಯುತ್ತಿದ್ದೆವು.

ಕಳೆದ ಸೋಮವಾರ ಎರಡನೇ ಟ್ರಿಪ್ಪು ಮುಗಿಸಿ ಬಂದವನಿಗೆ ತಡೆಯಲಾಗಲಿಲ್ಲ, ಒಳಗೆ ಹೋದ. ಹತ್ತು ನಿಮಿಷವಾದರೂ ಸದ್ದಿಲ್ಲ. ಬಾಗಿಲು ತಳ್ಳಿದರೆ, ಆ ಕೊಳಕಿಗೆ ಕೆನ್ನೆ ಊರಿ ಬಿದ್ದಿದ್ದ. ಎತ್ತುವಾಗ ನನಗೆ ವಾಕರಿಕೆ ಬಂತು. ಮುಖ ಒರೆಸಿದ ಕರ್ಚೀಫನ್ನು ಅಲ್ಲೇ ಎಸೆದೆ. ಕಣ್ಣು ಬಿಟ್ಟವನು ಮೊದಲು ಹೇಳಿದ್ದು, "ಯಾರಿಗೂ ಹೇಳ್ಬೇಡ ಕಣೋ, ಸ್ಟೇರಿಂಗ್ ಕಿತ್ಕೋತಾರೆ."

ಅಷ್ಟರಲ್ಲಿ ಅರ್ಧ ಡಿಪೋ ನೆರೆದಿತ್ತು. ಡಾಕ್ಟರ ಚೀಟಿ ತರುವವರೆಗೆ ಬಸ್ಸು ಮುಟ್ಟಕೂಡದೆಂದರು ಮ್ಯಾನೇಜರ್. ಅಣ್ಣನನ್ನು ಗೇಟಿನ ಸ್ಟೂಲಿನ ಮೇಲೆ ಕೂರಿಸಿದರು. ಹಿಂದೆ ಅಲ್ಲಿ ಕೂತ ಯಾವ ಡ್ರೈವರೂ ಮತ್ತೆ ಬಸ್ಸು ಹತ್ತಿದ್ದನ್ನು ನಾನು ನೋಡಿಲ್ಲ.

ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, ಹೃದಯ ಗಟ್ಟಿಯಿದೆ ಎಂದರು. ತಲೆಯಿಂದ ಕುತ್ತಿಗೆಯೊಳಗೆ ಇಳಿದು ಎದೆ, ಹೊಟ್ಟೆಗೆ ಹೋಗುವ ವೇಗಸ್ ಎಂಬ ನರವಿದೆಯಂತೆ.

"ಎದೆಬಡಿತ ಹದವಾಗಿಡೋದು, ಊಟ ಅರಗಿಸೋದು, ಮೈಮನಸ್ಸು ತಣ್ಣಗಿಡೋದು, ಎಲ್ಲದರಲ್ಲೂ ಅದರ ಪಾತ್ರ ಇದೆ. ನೀವು ತಿಣುಕಿ ತಿಣುಕಿ ಅದನ್ನ ಕೆರಳಿಸಿದ್ರಿ, ಬಡಿತ ಒಮ್ಮೆಲೇ ಇಳೀತು. ಮೈಯಲ್ಲಿ ನೀರೂ ಇರಲಿಲ್ಲ, ಬಿದ್ರಿ. ನೀರು ಕುಡೀರಿ, ಬಂದಾಗ ಹೋಗಿ. ಬಸ್ಸು ಓಡಿಸಬಹುದು."

"ಎಲ್ಲಿಗೆ ಹೋಗೋದು ಡಾಕ್ಟ್ರೇ?" ಎಂದೆ ನಾನು.

ಅವರು ಅದನ್ನೂ ಚೀಟಿಯಲ್ಲಿ ಬರೆದರು: ಕೆಲಸದ ಜಾಗದಲ್ಲಿ ಶುಚಿಯಾದ ಶೌಚಾಲಯ ಬೇಕು.

ಮ್ಯಾನೇಜರ್ ಚೀಟಿ ಓದಿ ಮಡಿಚಿಟ್ಟರು. "ಅದೆಲ್ಲ ಆಮೇಲೆ ನೋಡೋಣ, ಇದಕ್ಕೆ ಸಹಿ ಹಾಕಿದ್ರೆ ನಾಳೆಯಿಂದ ಬಸ್ಸು" ಎಂದು ಟೈಪು ಮಾಡಿದ ಹಾಳೆ ಮುಂದೆ ತಳ್ಳಿದರು. ಕರ್ತವ್ಯದ ವೇಳೆ ಮತ್ತೆ ಪ್ರಜ್ಞೆ ತಪ್ಪಿದರೆ ಅದಕ್ಕೆ ಅಣ್ಣನ ಅಭ್ಯಾಸಗಳೇ ಕಾರಣ, ಡಿಪೋ ಹೊಣೆಯಲ್ಲ ಎಂದು ಅದರಲ್ಲಿತ್ತು.

ಥೂ, ಇವರ ಜನ್ಮಕ್ಕಿಷ್ಟು. ಆ ಶೌಚಾಲಯದಲ್ಲೂ ನನಗೆ ಇಷ್ಟು ಅಸಹ್ಯವಾಗಿರಲಿಲ್ಲ. "ಅಣ್ಣ, ಹಾಕ್ಬೇಡ" ಎಂದೆ.

ಅವನು ಓದಲೂ ಇಲ್ಲ. ಸಹಿ ಹಾಕಿ, "ಉಪಕಾರ ಆಯ್ತು ಸಾರ್" ಎಂದು ಕೈಮುಗಿದ. ಕೆಳಗೆ ಸಾಕ್ಷಿಯ ಗೆರೆ ಖಾಲಿಯಿತ್ತು. ಪೆನ್ನನ್ನು ನನ್ನ ಕೈಗಿಟ್ಟು, "ಹಾಕೋ, ತಡ ಮಾಡ್ಬೇಡ" ಎಂದ. ಮದುವೆ ಗೊತ್ತಾದವನ ಹಾಗೆ ನಗುತ್ತಿದ್ದ.

ಉಗಿಯಬೇಕೆಂದು ಬಾಯಿಗೆ ತಂದುಕೊಂಡಿದ್ದನ್ನು ನುಂಗಿ, ನನ್ನ ಹೆಸರು ಬರೆದೆ.