ನೀರು ಬರುವ ಮೊದಲಿನ ಓಣಿ

ಪರದೆ ಆರಿಸಲು ಹೋದ ಅಂಗಡಿಯಲ್ಲಿ ಮೊನ್ನೆ ಒಂದು ಸ್ಯಾಂಪಲ್ ಪುಸ್ತಕ ಬಿಡಿಸಿದೆ. ಹೊಸ ಬಟ್ಟೆ, ಒಣಗಿದ ಗೋಂದು ಬೆರೆತ ವಾಸನೆ ಮುಖಕ್ಕೆ ಬಂತು. ಅಂಗಡಿಯವಳು ಕಿಟಕಿಯ ಅಳತೆ ಕೇಳುತ್ತಲೇ ಇದ್ದಳು. ನಾನು ಅಲ್ಲಿರಲಿಲ್ಲ. ರಾಟರ್‌ಡ್ಯಾಮಿನ ನಮ್ಮ ಹಳೆಯ ಫ್ಲ್ಯಾಟಿನ ಮೇಲಿನ ಮನೆಯಲ್ಲಿ, ಕಾಕು ಹತ್ತಿರ ಕೂತಿದ್ದೆ...

ಕಾಕು ಬಾಗಲಕೋಟೆ ಕಡೆಯವರು. ಗಂಡ ತೀರಿಕೊಂಡ ಮೇಲೆ, ಬಂದರಿನಲ್ಲಿ ಎಂಜಿನಿಯರಾಗಿದ್ದ ಮಗಳ ಜೊತೆ ಇರಲು ಬಂದಿದ್ದರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ನಾನು ಅವರನ್ನು ಮೊದಲು ಕಂಡದ್ದು ಮೆಟ್ಟಿಲ ಮೇಲೆ. ಏಣಿಯಷ್ಟು ಕಡಿದಾದ ಮೆಟ್ಟಿಲು, ಎದೆಗವಚಿಕೊಂಡ ದಪ್ಪ ಪುಸ್ತಕಗಳು. ಪರದೆ, ವಾಲ್‌ಪೇಪರ್, ನೆಲಹಾಸಿನ ಹಳೆಯ ಸ್ಯಾಂಪಲ್‌ಗಳು. ಮೂಲೆಯ ಅಂಗಡಿಯವರು ಕಸಕ್ಕಿಟ್ಟಿದ್ದನ್ನು ಕೇಳಿ ತಂದಿದ್ದರು.

"ಸ್ವಲ್ಪ ಹಿಡೀವಾ ತಂಗಿ, ನನ್ನ ಊರು ಭಾಳ ವಜ್ಜಾ ಆಗೇದ," ಅಂದರು.

ತಮಾಷೆ ಅಂದುಕೊಂಡೆ. ಒಳಗೆ ಹೋದರೆ ಬಾಗಿಲಗಲದ ಪ್ಲೈವುಡ್ಡಿನ ಮೇಲೆ ಒಂದು ಓಣಿ ಅರ್ಧ ಎದ್ದು ನಿಂತಿತ್ತು. ಅವರು ಹುಟ್ಟಿದ ಓಣಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿ ಎಷ್ಟೋ ಕಾಲವಾಗಿತ್ತು. ಒಂದು ಫೋಟೋ ಕೂಡ ಉಳಿದಿರಲಿಲ್ಲ.

ಶನಿವಾರದ ಮಧ್ಯಾಹ್ನಗಳಲ್ಲಿ ನಾನು ಕತ್ತರಿಸುತ್ತಿದ್ದೆ, ಅವರು ಅಂಟಿಸುತ್ತಿದ್ದರು. ಒರಟು ಲಿನನ್ ಮಣ್ಣಿನ ಗೋಡೆಯಾಯಿತು. ಕಪ್ಪು ರೆಕ್ಸಿನ್ ಎಮ್ಮೆಯಾಯಿತು. ಜರಿ ಪರದೆಯ ಎಳೆ ಬಿಡಿಸಿ ಮಾಳಿಗೆಗಳ ಮೇಲೆ ಸಂಜೆಯ ಬಿಸಿಲು ಹರಡಿದೆವು. ಯಾವ ಮನೆ ಎಲ್ಲಿತ್ತೆಂದು ಮರೆತರೆ ಕಾಕು ಕಣ್ಣು ಮುಚ್ಚಿ, ಕೂತಲ್ಲೇ ಆ ಓಣಿಯಲ್ಲಿ ನಡೆದು ಬರುತ್ತಿದ್ದರು. "ತಡಿ, ಇನ್ನೂ ಬೇವಿನ ಗಿಡದ ಹತ್ರ ಅದೀನಿ..." ಕೆಳಗೆ ಟ್ರಾಮ್ ಹಾದಾಗ ಬೋರ್ಡು ತುಸು ನಡುಗುತ್ತಿತ್ತು. ಒಳಗೆ ಯಾರೋ ಓಡಾಡಿದ ಹಾಗೆ.

ಒಮ್ಮೆ ಅಂದಿದ್ದರು, "ಇಲ್ಲಿ ನೀರು ಸರಿಸಿ ಊರು ಕಟ್ಯಾರ. ನಮ್ಮಲ್ಲಿ ಊರು ಸರಿಸಿ ನೀರು ನಿಲ್ಲಿಸಿದ್ರು." ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಬಡಾವಣೆಯ ಸಮುದಾಯ ಭವನದಲ್ಲಿ ಕರಕುಶಲ ಪ್ರದರ್ಶನ ನಡೆದಾಗ ನಾವಿಬ್ಬರೂ ಬೋರ್ಡನ್ನು ಹೊತ್ತುಕೊಂಡು ಹೋದೆವು. ವಯಸ್ಸಾದ ಡಚ್ಚರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು. ನಾನು ಇಂಗ್ಲಿಷಿನಲ್ಲಿ ಓಣಿಯ ಕಥೆ ಹೇಳಿದೆ. ತಾವು ಚಿಕ್ಕವರಿದ್ದಾಗ ಕಟ್ಟೆಯೊಡೆದು ಸಮುದ್ರ ನುಗ್ಗಿ ತಮ್ಮ ಹಳ್ಳಿಯೂ ಮುಳುಗಿತ್ತು ಅಂದರು. ತಾಯಿ ತಮ್ಮನ್ನು ಅಪ್ಪಿಕೊಂಡು ಸೂರಿನ ಮೇಲೆ ಕೂತಿದ್ದಳಂತೆ. ಆಮೇಲೆ ಕೇಳಿದರು, "ಇದರಲ್ಲಿ ನೀರೇ ಇಲ್ಲವಲ್ಲ?"

ಕಾಕುಗೆ ಕನ್ನಡದಲ್ಲಿ ಹೇಳಿದೆ. ಅವರು ಬೋರ್ಡನ್ನೊಮ್ಮೆ ಸವರಿದರು.

"ಇದು ನೀರು ಬರೂಕಿಂತ ಮೊದಲಿಂದು ಅಂತ ಹೇಳವಾ ಅವರಿಗೆ."

ಹೇಳಿದೆ. ಆ ಹಿರಿಯರು ಕನ್ನಡಕ ತೆಗೆದರು. ಕಾಕು ಎರಡು ಕುರ್ಚಿ ಎಳೆದು ತಂದು ಬೋರ್ಡಿನೆದುರು ಹಾಕಿದರು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರೂ, ಭವನದ ಬಾಗಿಲು ಮುಚ್ಚುವವರೆಗೆ ಮಾಳಿಗೆಗಳ ಮೇಲಿನ ಆ ಜರಿ ಬಿಸಿಲನ್ನು ನೋಡುತ್ತ ಕೂತಿದ್ದರು.

ಮುಂದಿನ ಚಳಿಗಾಲದಲ್ಲಿ ಕಾಕು ಹಾಸಿಗೆ ಹಿಡಿದರು. ತುಸು ಚೇತರಿಸಿಕೊಂಡು, ತಮ್ಮ ತಂಗಿಯ ಮನೆಗೆಂದು ಹುಬ್ಬಳ್ಳಿಗೆ ಹೊರಟಾಗ ಬೋರ್ಡು ಯಾವ ಸೂಟ್‌ಕೇಸಿನಲ್ಲೂ ಹಿಡಿಸಲಿಲ್ಲ. "ನಿನ್ನ ಹತ್ರ ಇರಲಿ, ಹಸಿ ಹತ್ತಗೊಡಬ್ಯಾಡ," ಅಂದರು. ಮತ್ತೆ ಬರಲಿಲ್ಲ... ಸುದ್ದಿ ಅವರ ಮಗಳ ಫೋನಿನಲ್ಲಿ ಬಂತು.

ಆ ಬೋರ್ಡು ಈಗ ನಮ್ಮ ಊಟದ ಮನೆಯ ಗೋಡೆಯ ಮೇಲಿದೆ. ನಿನ್ನೆ ನನ್ನ ಪುಟ್ಟ ಮಗಳು ಕುರ್ಚಿ ಹತ್ತಿ, ಅದರೊಳಗಿನ ಒಂದು ಬಾಗಿಲನ್ನು ಬೆರಳಿನಿಂದ ತಟ್ಟಿದಳು. ಕಿವಿಯಿಟ್ಟು ಕೇಳಿದಳು. ಯಾರೂ ತೆಗೀತಿಲ್ಲ ಎಂದು ಡಚ್ಚಿನಲ್ಲಿ ದೂರಿದಳು.

"ಮನೇಲಿ ಯಾರೂ ಇಲ್ಲ, ಪುಟ್ಟಿ," ಅಂದೆ.

ಅವಳು ಇನ್ನೊಂದು ಸಲ ತಟ್ಟಿದಳು, ಮೆಲ್ಲಗೆ.